ಮನೆಯವರಿಗೆ ಮೂತ್ರಪಿಂಡ: ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಒಂದು ಚರಿತ್ರೆ

ಬದುಕಿರುವವರ ದೇಹದಿಂದ ಒಂದು ಮೂತ್ರಪಿಂಡವನ್ನು ತೆಗೆದು ಬಂಧುವಿನ ದೇಹಕ್ಕೆ ಜೋಡಿಸುವ ಚಿಕಿತ್ಸೆಗೆ ಜಗತ್ತಿನಲ್ಲಿ ಏಳು ದಶಕಗಳ, ಭಾರತದಲ್ಲಿ ಅರ್ಧ ಶತಮಾನದ ಇತಿಹಾಸವಿದೆ. 1954ರ ಡಿಸೆಂಬರ್ 23ರಂದು ಬಾಸ್ಟನ್ನಿನಲ್ಲಿ ಜೋಸೆಫ್ ಮರ್ರೆ ನಡೆಸಿದ ಮೊದಲ ಯಶಸ್ವಿ ಕಸಿಯಲ್ಲಿ ಕೊಟ್ಟವರೂ ಪಡೆದವರೂ ಒಂದೇ ರೂಪದ ಅವಳಿ ಸೋದರರಾಗಿದ್ದರಿಂದ, ಹೊರಗಿನಿಂದ ಬಂದ ಅಂಗವನ್ನು ದೇಹದ ರಕ್ಷಣಾ ವ್ಯವಸ್ಥೆ ಪರಕೀಯವೆಂದು ಹಾಳುಗೆಡಹುವ 'ತಿರಸ್ಕಾರ'ದ ತೊಡಕು ಅಲ್ಲಿ ಎದುರಾಗಲಿಲ್ಲ. ಭಾರತದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು. 1980ರ ದಶಕದಲ್ಲಿ ಸೈಕ್ಲೋಸ್ಪೊರಿನ್ ಎಂಬ ತಿರಸ್ಕಾರ ತಡೆಯುವ ಔಷಧಿ ಬಳಕೆಗೆ ಬಂದ ಮೇಲೆ, ಅಂಗಾಂಶಗಳ ಹೊಂದಾಣಿಕೆ ಪೂರ್ಣವಾಗಿಲ್ಲದ ಗಂಡ ಹೆಂಡಿರ ನಡುವೆಯೂ ಕಸಿ ಸಾಧ್ಯವಾಯಿತು.

ಈ ವಿದ್ಯೆ ರಾಯಚೂರು ಜಿಲ್ಲೆಯ ಪಶ್ಚಿಮದ ಸೀಮೆಗೆ ತಲುಪಿದ್ದು ದಾರಿಗಳ ಮೂಲಕ. ಲಿಂಗಸುಗೂರು ನಿಜಾಮರ ಆಡಳಿತದಲ್ಲಿ 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತು. ಆಗ ದೊಡ್ಡ ಕಾಯಿಲೆಗೂ ದೊಡ್ಡ ಕಚೇರಿಗೂ ಜನ ಮುಖ ಮಾಡುತ್ತಿದ್ದುದು ಹೈದರಾಬಾದಿನತ್ತ. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬೆಂಗಳೂರು ರಾಜಧಾನಿಯಾಯಿತಾದರೂ ಹೈದರಾಬಾದಿನ ದಾರಿ ಮುಚ್ಚಲಿಲ್ಲ. ಬಳ್ಳಾರಿಯ ವೈದ್ಯಕೀಯ ಕಾಲೇಜು 1961ರಲ್ಲಿ, ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜು 2007ರಲ್ಲಿ ಆರಂಭವಾದವು. ತುಂಗಭದ್ರೆಯ ಎಡದಂಡೆ ಕಾಲುವೆಯಿಂದ ಭತ್ತದ ಕಣಜವಾದ ಸಿಂಧನೂರು ರೈಲನ್ನು ಕಂಡದ್ದು 2024ರಲ್ಲಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರೂ ಪಟ್ಟಣಗಳಲ್ಲಿ ಇಂದಿಗೂ ಕಸಿ ನಡೆಯುವ ಆಸ್ಪತ್ರೆಯಿಲ್ಲ. ಕೊಡುವವರೂ ಪಡೆಯುವವರೂ ಕೂಡಿಯೇ ದೂರದ ಊರಿಗೆ ಹೋಗಿ, ತಿಂಗಳುಗಟ್ಟಲೆ ಬಾಡಿಗೆ ಕೋಣೆಯಲ್ಲಿ ಉಳಿಯಬೇಕಾಗುತ್ತದೆ. 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲೇ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಡವರ ಮೂತ್ರಪಿಂಡ ಚಿಕಿತ್ಸೆಗೂ ನೆರವಾಯಿತಾದರೂ, ಪ್ರಯಾಣ, ಊಟ ಮತ್ತು ಕಳೆದ ಕೂಲಿಯ ಹೊರೆ ಕುಟುಂಬದ ಮೇಲೆಯೇ ಉಳಿಯಿತು.

ಹಣಕ್ಕಾಗಿ ಬಡವರ ಮೂತ್ರಪಿಂಡ ಕೊಳ್ಳುವ ದಂಧೆ ದೇಶದ ನಗರಗಳಲ್ಲಿ ಬೆಳೆದದ್ದರಿಂದ 1994ರಲ್ಲಿ ಸಂಸತ್ತು ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಅಂಗೀಕರಿಸಿತು. ಮರುವರ್ಷವೇ ಬೆಂಗಳೂರಿನಲ್ಲಿ ಅಂಥದೊಂದು ಜಾಲ ಬಯಲಿಗೆ ಬಂದಿತು. ಕಾಯ್ದೆ 'ಸಮೀಪ ಬಂಧು' ಎಂಬ ವರ್ಗವನ್ನು ರಚಿಸಿ ಅದರಲ್ಲಿ ಗಂಡ, ಹೆಂಡತಿ, ತಂದೆ, ತಾಯಿ, ಮಗ, ಮಗಳು, ಅಣ್ಣತಮ್ಮ, ಅಕ್ಕತಂಗಿಯರನ್ನು ಸೇರಿಸಿತು. 2011ರ ತಿದ್ದುಪಡಿ ಅಜ್ಜ, ಅಜ್ಜಿ, ಮೊಮ್ಮಕ್ಕಳನ್ನು ಕೂಡಿಸಿತು. ಉಳಿದವರು ಕೊಡಬಯಸಿದರೆ, ಹಣದ ವ್ಯವಹಾರ ನಡೆದಿಲ್ಲವೆಂದು ಪರಿಶೀಲಿಸುವ ಅನುಮತಿ ಸಮಿತಿಯ ಒಪ್ಪಿಗೆ ಬೇಕು.

ಈ ಪಟ್ಟಿಗೂ ಈ ಸೀಮೆಯ ಬಂಧುತ್ವಕ್ಕೂ ಇರುವ ಅಂತರ ಗಮನಾರ್ಹವಾದುದು. ದಕ್ಷಿಣ ಭಾರತದ ಬಂಧುತ್ವವನ್ನು 1953ರ ಗ್ರಂಥದಲ್ಲಿ ವಿವರಿಸಿದ ಇರಾವತಿ ಕರ್ವೆಯವರು ಗುರುತಿಸಿದಂತೆ, ಇಲ್ಲಿ ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ಮದುವೆಯಾಗುವ ರೂಢಿ ಹಳೆಯದು. ಕೂಸಿನ ಜವಳದಲ್ಲಿ ಮೊದಲು ಕತ್ತರಿ ಹಿಡಿಯುವ, ಮದುವೆಯಲ್ಲಿ ಮುಂದೆ ನಿಲ್ಲುವ ಸೋದರಮಾವ ಕಾಯ್ದೆಯ ಕಣ್ಣಿಗೆ ಸಮೀಪ ಬಂಧುವಲ್ಲ. ಸೋದರಳಿಯನಿಗೆ ಕೊಡಲು ಅವನು ಸಮಿತಿಯ ಮುಂದೆ ನಿಲ್ಲಬೇಕು. ಕಾಯ್ದೆ ಕೇವಲ ಮದುವೆಯ ಸಂಬಂಧವೆಂದು ಎಣಿಸಿದ ಹೆಂಡತಿ, ಅಕ್ಕನ ಮಗಳಾಗಿದ್ದಲ್ಲಿ, ರಕ್ತಸಂಬಂಧಿಯೂ ಆಗಿರುತ್ತಾಳೆ. ಹೊರಗಿನವರಿಗಿಂತ ಅವಳ ಅಂಗಾಂಶ ಹೊಂದುವ ಸಂಭವವೂ ಹೆಚ್ಚು. ಆದರೆ ರಕ್ತಸಂಬಂಧಿಯಾದ ದಾನಿಯಲ್ಲಿ ಅದೇ ವಂಶವಾಹಿ ರೋಗ ಅಡಗಿಲ್ಲವೆಂದು ವೈದ್ಯರು ಮೊದಲೇ ಖಚಿತಪಡಿಸಿಕೊಳ್ಳಬೇಕಾಗುತ್ತದೆ.

ಸಂಬಂಧದ ಸಾಕ್ಷಿಯಾಗಿ ಗಂಡ ಹೆಂಡಿರು ಮದುವೆಯ ಪ್ರಮಾಣಪತ್ರ ಅಥವಾ ಮದುವೆಯ ಭಾವಚಿತ್ರ, ಮಕ್ಕಳ ಜನನಪತ್ರಗಳನ್ನು ಒದಗಿಸಬೇಕು. ಮದುವೆಯನ್ನು ನೋಂದಾಯಿಸದ, ಆಧಾರ್ ಕಾರ್ಡಿನಲ್ಲಿ ಒಂದು ಹೆಸರು ಪಡಿತರ ಚೀಟಿಯಲ್ಲಿ ಇನ್ನೊಂದು ಹೆಸರು ಇರುವ ಹಳ್ಳಿಯ ಹೆಣ್ಣುಮಕ್ಕಳಿಗೆ ಶಸ್ತ್ರಚಿಕಿತ್ಸೆಗಿಂತ ಈ ಕಾಗದಗಳೇ ದೊಡ್ಡ ತಡೆ.

ಹೆಣ್ಣುಮಕ್ಕಳ ಮಾತನ್ನು ಬಿಟ್ಟು ಈ ಚರಿತ್ರೆ ಪೂರ್ಣವಾಗದು. 2019ರಿಂದ 2023ರವರೆಗಿನ ರಾಷ್ಟ್ರೀಯ ದಾಖಲೆಗಳಂತೆ ದೇಶದ ಜೀವಂತ ಅಂಗದಾನಿಗಳಲ್ಲಿ ನೂರಕ್ಕೆ ಸುಮಾರು 63 ಮಂದಿ ಮಹಿಳೆಯರು. ತಾಯಿ, ಹೆಂಡತಿ ಪ್ರೀತಿಯಿಂದ ಕೊಡುತ್ತಾರೆಂಬುದು ನಿಜ. ಆದರೆ ದುಡಿಯುವ ಗಂಡಸಿಗೆ ಕತ್ತರಿ ತಾಕಬಾರದೆಂಬ ಮನೆಯ ಲೆಕ್ಕಾಚಾರದಲ್ಲಿ ನಾಟಿಯ ಗದ್ದೆಯಲ್ಲಿ ದಿನವಿಡೀ ಬಗ್ಗಿ ದುಡಿಯುವವಳ ದುಡಿಮೆ ದುಡಿಮೆಯೆಂದು ಎಣಿಕೆಗೆ ಬರುವುದಿಲ್ಲ. ಕಾಯ್ದೆಯಡಿಯ 2014ರ ನಿಯಮಗಳು ದಾನಿ ಮಹಿಳೆಯಾಗಿದ್ದರೆ ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವನಲ್ಲದ ಬೇರೊಬ್ಬರಿಂದ ದೃಢಪಡಿಸಿಕೊಳ್ಳಬೇಕೆಂದು ವಿಧಿಸಿದ್ದು ಈ ಕಾರಣಕ್ಕಾಗಿಯೇ. ಮನೆಯ ಹಿರಿಯರು ಎದುರಿಗೆ ಕುಳಿತಿರುವಾಗ ಕೇಳಿದ ಒಪ್ಪಿಗೆಯಿಂದ ಆ ನಿಯಮದ ಆಶಯ ಈಡೇರುವುದಿಲ್ಲ.

ಕಸಿಯ ವೇಳೆ ರೋಗಿಯ ಹಳೆಯ ಮೂತ್ರಪಿಂಡಗಳನ್ನು ಸಾಮಾನ್ಯವಾಗಿ ಇದ್ದಲ್ಲೇ ಬಿಟ್ಟು, ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ಕೂಡಿಸಿ, ಅದರ ನಾಳವನ್ನು ಮೂತ್ರಕೋಶಕ್ಕೆ ಹೊಲಿಯುತ್ತಾರೆ. ದಾನಿಯ ಪಕ್ಕೆಯನ್ನು ಉದ್ದಕ್ಕೆ ಕೊಯ್ಯುವ ಹಳೆಯ ಕ್ರಮದ ಜಾಗದಲ್ಲಿ 1995ರಿಂದೀಚೆಗೆ ಸಣ್ಣ ರಂಧ್ರಗಳ ಮೂಲಕ ತೆಗೆಯುವ ಲ್ಯಾಪರೊಸ್ಕೋಪಿ ಕ್ರಮ ರೂಢಿಗೆ ಬಂದು, ದಾನಿಯ ನೋವೂ ಆಸ್ಪತ್ರೆಯ ದಿನಗಳೂ ಕಡಿಮೆಯಾದವು. ಹಾಗಿದ್ದರೂ ವಾರಗಟ್ಟಲೆ ಭಾರ ಎತ್ತಬಾರದೆಂಬ ಸೂಚನೆ, ನೀರಿನ ಕೊಡ ಹೊರುವ ಮನೆಯಲ್ಲಿ ಪಾಲನೆಯಾಗುವುದು ಕಷ್ಟ.

ಪಡೆದವನು ಜೀವನಪರ್ಯಂತ ತಿರಸ್ಕಾರ ತಡೆಯುವ ಮಾತ್ರೆ ನುಂಗಬೇಕಾದ್ದರಿಂದ ಆಸ್ಪತ್ರೆಯ ನಂಟು ಅವನಿಗೆ ತಪ್ಪುವುದಿಲ್ಲ. ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಮರಳಿದ ದಾನಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅವಳಿಗೆ ವರ್ಷಕ್ಕೊಮ್ಮೆ ಬೇಕಾದದ್ದು ರಕ್ತದೊತ್ತಡ, ಮೂತ್ರದಲ್ಲಿನ ಪ್ರೋಟೀನ್, ರಕ್ತದ ಕ್ರಿಯಾಟಿನಿನ್, ಅಂದರೆ ಮೂತ್ರಪಿಂಡ ಸೋಸಿ ಹೊರಹಾಕುವ ತ್ಯಾಜ್ಯದ ಪ್ರಮಾಣ, ಇವುಗಳ ಪರೀಕ್ಷೆ. ಇದಕ್ಕಾಗಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಬೇಕಾಗಿಲ್ಲ. ಸಿಂಧನೂರು, ಲಿಂಗಸುಗೂರುಗಳ ತಾಲ್ಲೂಕು ಆಸ್ಪತ್ರೆಗಳು ತಮ್ಮ ಸೀಮೆಯ ದಾನಿಗಳ ಹೆಸರನ್ನು ಬರೆದಿಟ್ಟುಕೊಂಡು ವರ್ಷಕ್ಕೊಮ್ಮೆ ಅವರನ್ನು ಕರೆಸಬೇಕು.