ಸಾಕು ಇಲಿಮರಿಗಳ ಪಾಲನೆ

ಸಾಕು ಇಲಿಮರಿಗಳ ಪಾಲನೆ ಎಂಬುದು ತಾಯಿಯ ಹಾಲು ಬಿಟ್ಟ ಸಾಕು ಇಲಿಗಳನ್ನು ಮನೆಯಲ್ಲಿ ಒಡನಾಡಿ ಪ್ರಾಣಿಗಳಾಗಿ ಬೆಳೆಸುವ ಕ್ರಮವಾಗಿದೆ. ಸಾಕು ಇಲಿಯು ಕಂದು ಇಲಿಯ ಪಳಗಿಸಿದ ರೂಪವಾಗಿದ್ದು, ಇದರ ವೈಜ್ಞಾನಿಕ ಹೆಸರು ರಾಟಸ್ ನಾರ್ವೆಜಿಕಸ್. ಇದರ ಸರಾಸರಿ ಆಯುಷ್ಯ 2ರಿಂದ 3 ವರ್ಷ. ಪಾಲನೆಯ ಮೂಲ ನಿಯಮಗಳು ಎಲ್ಲೆಡೆ ಒಂದೇ ಆದರೂ, ಪ್ರದೇಶದ ಹವಾಮಾನ ಮತ್ತು ಸುತ್ತಲಿನ ಕಾಡು ಇಲಿಗಳ ಇರುವಿಕೆಗೆ ಅನುಗುಣವಾಗಿ ಅವುಗಳನ್ನು ಹೊಂದಿಸಿಕೊಳ್ಳಬೇಕಾಗುತ್ತದೆ. ಹಾಸನ ಜಿಲ್ಲೆಯ ಸಕಲೇಶಪುರ ಮತ್ತು ಆಲೂರು ತಾಲೂಕುಗಳಂತಹ ಮಲೆನಾಡಿನ ಭಾಗಗಳಲ್ಲಿ ದೀರ್ಘ ಮಳೆಗಾಲದ ತೇವಾಂಶ, ಕಾಡು ಇಲಿಗಳಿಂದ ಹರಡುವ ರೋಗ ಹಾಗೂ ತೋಟಗಳಲ್ಲಿ ಬಳಸುವ ಇಲಿ ಪಾಷಾಣ ಇವು ಮರಿಗಳಿಗೆ ಎದುರಾಗುವ ಮುಖ್ಯ ಅಪಾಯಗಳಾಗಿವೆ.

ಇತಿಹಾಸ

ಕಂದು ಇಲಿಯನ್ನು ಸಾಕುವ ರೂಢಿಯು 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬೆಳೆಯಿತು. ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನೆಂದು ತನ್ನನ್ನು ಕರೆದುಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್ ಎಂಬಾತನು, ತಾನು ಹಿಡಿದ ಇಲಿಗಳಲ್ಲಿ ವಿಶೇಷ ಬಣ್ಣದವುಗಳನ್ನು ಉಳಿಸಿಕೊಂಡು ಸಂತಾನ ಬೆಳೆಸಿ ಮಾರುತ್ತಿದ್ದನು. 1901ರಲ್ಲಿ ಮೇರಿ ಡಗ್ಲಸ್ ಎಂಬಾಕೆಯು ಆಯ್ಲ್ಸ್‌ಬರಿಯ ಪ್ರದರ್ಶನದಲ್ಲಿ ತನ್ನ ಇಲಿಗಳನ್ನು ಪ್ರದರ್ಶಿಸಿದಳು. 1906ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ವಿಸ್ಟಾರ್ ಸಂಸ್ಥೆಯು ಪ್ರಯೋಗಾಲಯಗಳಿಗಾಗಿ ಬಿಳಿ ಇಲಿಗಳ ತಳಿಯೊಂದನ್ನು ರೂಪಿಸಿತು. ಕೆಂಪು ಕಣ್ಣಿನ ಬಿಳಿ ಇಲಿಗಳಲ್ಲದೆ, ತಲೆ ಮತ್ತು ಹೆಗಲಿನ ಭಾಗ ಮಾತ್ರ ಕಪ್ಪು ಅಥವಾ ಕಂದಾಗಿರುವ ಇಲಿಗಳೂ ಸಾಕು ಇಲಿಗಳಲ್ಲಿ ಸಾಮಾನ್ಯ.

ಪ್ರಾದೇಶಿಕ ಹಿನ್ನೆಲೆ

ಸಕಲೇಶಪುರ ಪಟ್ಟಣವು ಹೇಮಾವತಿ ನದಿಯ ದಡದಲ್ಲಿ, ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ತಾಲೂಕಿನ ಪಶ್ಚಿಮ ಅಂಚು ಪಶ್ಚಿಮ ಘಟ್ಟದ ಕಡಿದಾದ ಇಳಿಜಾರಿಗೆ ಸೇರಿದ್ದು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಭಾರಿ ಮಳೆಯಾಗುತ್ತದೆ. ಪೂರ್ವಕ್ಕಿರುವ ಆಲೂರು ತಾಲೂಕಿನಲ್ಲಿ ಮಳೆಯ ಪ್ರಮಾಣ ಕಡಿಮೆ. ಕಾಫಿ, ಏಲಕ್ಕಿ, ಕಾಳುಮೆಣಸು ಮತ್ತು ಭತ್ತ ಈ ಭಾಗದ ಮುಖ್ಯ ಬೆಳೆಗಳು.

ಈ ಪ್ರದೇಶದ ಮನೆ, ಗದ್ದೆ ಮತ್ತು ತೋಟಗಳಲ್ಲಿ ಹಲವು ಬಗೆಯ ದಂಶಕಗಳಿವೆ. ಹೆಂಚಿನ ಮನೆಗಳ ಅಟ್ಟದಲ್ಲಿ ಓಡಾಡುವ ಮನೆ ಇಲಿಯು ಸಾಕು ಇಲಿಯಿಂದ ಬೇರೆಯಾದ ರಾಟಸ್ ರಾಟಸ್ ಪ್ರಭೇದಕ್ಕೆ ಸೇರುತ್ತದೆ. ಅದರ ಬಾಲವು ದೇಹಕ್ಕಿಂತ ಉದ್ದವಾಗಿದ್ದು ಕಿವಿಗಳು ದೊಡ್ಡವು; ಕಂದು ಇಲಿಯ ಬಾಲವು ದೇಹಕ್ಕಿಂತ ಗಿಡ್ಡ. ಹೆಗ್ಗಣವು ಬ್ಯಾಂಡಿಕೋಟಾ ಕುಲಕ್ಕೆ ಸೇರಿದೆ. ಮೂತಿ ಉದ್ದವಾಗಿರುವ, ಕಟುವಾಸನೆಯ ಸುಂಡಿಲಿಯು ದಂಶಕವೇ ಅಲ್ಲ. ಇವುಗಳಲ್ಲಿ ಯಾವುದೂ ಸಾಕು ಇಲಿಗೆ ಬದಲಿಯಾಗಲಾರದು. ಸಾಕು ಇಲಿಯ ಸೌಮ್ಯ ಸ್ವಭಾವವು ನೂರಾರು ತಲೆಮಾರುಗಳ ಆಯ್ಕೆಯ ಫಲವಾಗಿದ್ದು, ಕಾಡು ಇಲಿಯ ಮರಿಯನ್ನು ಎಷ್ಟೇ ಚಿಕ್ಕದರಿಂದ ಸಾಕಿದರೂ ಅದು ಬೆಳೆದಂತೆ ಮನುಷ್ಯರಿಗೆ ಬೆದರುವುದು ಮತ್ತು ಕಚ್ಚುವುದು ಸಾಮಾನ್ಯ.

ಮರಿಗಳ ಬೆಳವಣಿಗೆ ಮತ್ತು ಆಯ್ಕೆ

ಇಲಿಯ ಗರ್ಭಾವಧಿ 21ರಿಂದ 23 ದಿನ. ಒಂದು ಸೂಲಿನಲ್ಲಿ ಸಾಮಾನ್ಯವಾಗಿ 6ರಿಂದ 12 ಮರಿಗಳು ಹುಟ್ಟುತ್ತವೆ. ಹುಟ್ಟಿದಾಗ ಮರಿಗಳಿಗೆ ಕೂದಲಿರುವುದಿಲ್ಲ, ಕಣ್ಣು ಮತ್ತು ಕಿವಿ ಮುಚ್ಚಿರುತ್ತವೆ. ಸುಮಾರು 2 ವಾರಗಳಲ್ಲಿ ಕಣ್ಣು ತೆರೆಯುತ್ತದೆ. ಸುಮಾರು 3 ವಾರಗಳಲ್ಲಿ ಹಾಲು ಬಿಡುವ ಹಂತ ಬರುತ್ತದೆ. ಹಾಲು ಬಿಟ್ಟೊಡನೆ ಮರಿಗಳನ್ನು ಒಯ್ಯುವುದು ಸೂಕ್ತವಲ್ಲ. ತಾಯಿ ಮತ್ತು ಒಡಹುಟ್ಟಿದ ಮರಿಗಳ ಜೊತೆಯಲ್ಲಿ ಆಡುತ್ತಲೇ ಅವು ಕಚ್ಚುವಿಕೆಯ ಮಿತಿಯನ್ನೂ ಗುಂಪಿನ ನಡವಳಿಕೆಯನ್ನೂ ಕಲಿಯುತ್ತವೆ. ಆದುದರಿಂದ 5ರಿಂದ 6 ವಾರಗಳಾದ ಮರಿಗಳನ್ನು ಹೊಸ ಮನೆಗೆ ತರುವುದು ವಾಡಿಕೆ.

ಇಲಿಗಳು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಮನುಷ್ಯನ ಒಡನಾಟವು ಮತ್ತೊಂದು ಇಲಿಯ ಜೊತೆಗೆ ಸಮನಾಗುವುದಿಲ್ಲವಾದ್ದರಿಂದ ಕನಿಷ್ಠ ಎರಡು ಮರಿಗಳನ್ನು ಒಟ್ಟಿಗೆ ಸಾಕಬೇಕು. ಅವೆರಡೂ ಒಂದೇ ಲಿಂಗದವಾಗಿರಬೇಕು. ಇಲಿಗಳು 5ರಿಂದ 6 ವಾರಗಳಲ್ಲೇ ಗರ್ಭಧಾರಣೆಗೆ ಶಕ್ತವಾಗುತ್ತವೆ; ಒಡಹುಟ್ಟಿದವು ಎಂಬ ಭೇದವನ್ನು ಅವು ಮಾಡುವುದಿಲ್ಲ. ಲಿಂಗವನ್ನು ತಪ್ಪಾಗಿ ಗುರುತಿಸಿದಲ್ಲಿ ಎರಡು ಮರಿಗಳಿಂದ ಒಂದೆರಡು ತಿಂಗಳಲ್ಲಿ ಹತ್ತಕ್ಕೂ ಹೆಚ್ಚು ಇಲಿಗಳಾಗಬಹುದು. ಗಂಡುಮರಿಗಳಲ್ಲಿ ಜನನಾಂಗ ಮತ್ತು ಗುದದ್ವಾರದ ನಡುವಿನ ಅಂತರ ಹೆಚ್ಚಾಗಿದ್ದು, ಸುಮಾರು 5 ವಾರಗಳ ವೇಳೆಗೆ ವೃಷಣಗಳು ಸ್ಪಷ್ಟವಾಗಿ ಕಾಣಿಸುತ್ತವೆ.

ಆರೋಗ್ಯವಂತ ಮರಿಯ ಕಣ್ಣುಗಳು ಹೊಳೆಯುತ್ತಿರುತ್ತವೆ, ರೋಮ ನುಣುಪಾಗಿರುತ್ತದೆ, ಉಸಿರಾಟದಲ್ಲಿ ಸದ್ದಿರುವುದಿಲ್ಲ. ಕಿವಿಯ ಬಳಿ ಹಿಡಿದಾಗ ಎದೆಯಿಂದ ಗುರುಗುರು ಅಥವಾ ಚಟಪಟ ಸದ್ದು ಕೇಳಿಸಿದರೆ ಅದು ಶ್ವಾಸಕೋಶದ ಸೋಂಕಿನ ಸೂಚನೆಯಾಗಿರಬಹುದು.

ವಸತಿ

ಪಂಜರದ ತಳವು ಗಟ್ಟಿಯಾಗಿರಬೇಕು. ತಂತಿಯ ತಳದ ಮೇಲೆ ನಿರಂತರವಾಗಿ ನಡೆಯುವ ಇಲಿಗಳ ಅಂಗಾಲಿನಲ್ಲಿ ಹುಣ್ಣುಗಳಾಗುತ್ತವೆ. ಮರಿಗಳು ತಲೆ ತೂರುವಷ್ಟು ಜಾಗದಲ್ಲಿ ದೇಹವನ್ನೂ ತೂರಿಸಬಲ್ಲವಾದ್ದರಿಂದ ಸರಳುಗಳ ನಡುವಿನ ಅಂತರವು ಸುಮಾರು 1 ಸೆಂಟಿಮೀಟರಿಗಿಂತ ಹೆಚ್ಚಿರಬಾರದು. ಗಾಜಿನ ಮೀನುತೊಟ್ಟಿಯಲ್ಲಿ ಗಾಳಿಯಾಡದೆ ಮೂತ್ರದಿಂದ ಹುಟ್ಟುವ ಅಮೋನಿಯಾ ಅನಿಲ ಶೇಖರವಾಗುವುದರಿಂದ ಅದು ಸೂಕ್ತವಲ್ಲ. ಹತ್ತಲು ಏಣಿ ಮತ್ತು ಹಗ್ಗ, ಮಲಗಲು ಬಟ್ಟೆಯ ತೊಟ್ಟಿಲು, ಅಡಗಲು ರಟ್ಟಿನ ಪೆಟ್ಟಿಗೆ ಅಥವಾ ಮಣ್ಣಿನ ಕುಡಿಕೆ, ಕಡಿಯಲು ಮರದ ತುಂಡು ಪಂಜರದಲ್ಲಿರಬೇಕು. ಇಲಿಯ ಬಾಚಿಹಲ್ಲುಗಳು ಬದುಕಿರುವವರೆಗೂ ಬೆಳೆಯುತ್ತಿದ್ದು, ಕಡಿಯುವುದರಿಂದ ಸವೆಯುತ್ತವೆ.

ಹಾಸಿಗೆ ಕಾಗದದ ಚೂರು ಅಥವಾ ಹತ್ತಿಬಟ್ಟೆಯ ತುಂಡುಗಳು ಉತ್ತಮ. ಎಳೆ ಬಿಟ್ಟ ಬಟ್ಟೆಯ ನೂಲು ಮರಿಗಳ ಬೆರಳಿಗೆ ಸುತ್ತಿಕೊಂಡು ರಕ್ತಸಂಚಾರವನ್ನು ತಡೆಯಬಲ್ಲುದು. ದೇವದಾರು ಮತ್ತು ಪೈನ್ ಮರದ ಹೊಟ್ಟಿನಿಂದ ಹೊರಡುವ ಆವಿಯು ಉಸಿರಾಟಕ್ಕೆ ಹಾನಿಕರ. ಮಲೆನಾಡಿನಲ್ಲಿ ಸುಲಭವಾಗಿ ದೊರೆಯುವ ಭತ್ತದ ಹೊಟ್ಟು ಮತ್ತು ಒಣಹುಲ್ಲಿನಲ್ಲಿ ದೂಳು ಹೆಚ್ಚು. ಹುಲ್ಲಿನ ಮೆದೆಯಲ್ಲಿ ಕಾಡು ಇಲಿಗಳು ಗೂಡು ಕಟ್ಟುವುದರಿಂದ ಅವುಗಳ ಮೂತ್ರ ಮತ್ತು ಉಣ್ಣೆಗಳು ಅದರೊಡನೆ ಪಂಜರವನ್ನು ಸೇರುವ ಸಂಭವವಿದೆ.

ಮಳೆಗಾಲದ ನಿರ್ವಹಣೆ

ಇಲಿಗಳಿಗೆ 18ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಹಿತಕರ. ಘಟ್ಟದ ಅಂಚಿನ ಹಳ್ಳಿಗಳಲ್ಲಿ ಮಳೆಗಾಲದ ಉಷ್ಣತೆಗಿಂತಲೂ ತೇವಾಂಶವೇ ದೊಡ್ಡ ತೊಡಕು. ಒದ್ದೆಯಾದ ಹಾಸು ಒಣಗದೆ ಬೂಷ್ಟು ಹಿಡಿಯುತ್ತದೆ ಹಾಗೂ ಅಮೋನಿಯಾದ ವಾಸನೆ ಬೇಗ ಹುಟ್ಟುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಪೂರ್ಣ ಹಾಸು ಬದಲಿಸಿದರೆ ಸಾಲುವ ಕಡೆ, ಮಳೆಗಾಲದಲ್ಲಿ ಒದ್ದೆಯಾದ ಭಾಗವನ್ನು ಪ್ರತಿದಿನವೂ, ಪೂರ್ಣ ಹಾಸನ್ನು ಎರಡು ಮೂರು ದಿನಗಳಿಗೊಮ್ಮೆಯೂ ಬದಲಿಸಬೇಕಾಗುತ್ತದೆ. ಪಂಜರದ ಬಳಿ ಮೂಗಿಗೆ ವಾಸನೆ ತಾಕುವಷ್ಟರಲ್ಲಿ ನೆಲದ ಮಟ್ಟದಲ್ಲಿ ಉಸಿರಾಡುವ ಮರಿಗೆ ಅದು ಹಾನಿ ಮಾಡಿರುತ್ತದೆ.

ಬೆಚ್ಚಗಿರಲೆಂದು ಪಂಜರವನ್ನು ಸೌದೆ ಒಲೆ ಅಥವಾ ಬಚ್ಚಲೊಲೆಯ ಪಕ್ಕದಲ್ಲಿ ಇಡುವುದು ಹೊಗೆಯ ಕಾರಣದಿಂದ ಅಪಾಯಕರ. ಇರಚಲು ಬೀಳದ, ಗಾಳಿ ನೇರವಾಗಿ ಬೀಸದ, ಒಳಗೋಡೆಗೆ ತಾಗಿದ ಎತ್ತರದ ಮೇಜು ಉತ್ತಮ ಸ್ಥಳ. ಚಳಿ ಹೆಚ್ಚಿದಾಗ ಬಿಸಿನೀರಿನ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಪಂಜರದ ಹೊರಬದಿಗೆ ಒತ್ತಿಡಬಹುದು. ವಿದ್ಯುತ್ ಕಡಿತದ ದಿನಗಳಲ್ಲೂ ಈ ಕ್ರಮ ಸಾಧ್ಯ. ಇರುವೆಗಳನ್ನು ತಡೆಯಲು ಮೇಜಿನ ಕಾಲುಗಳನ್ನು ನೀರಿನ ಬಟ್ಟಲುಗಳಲ್ಲಿ ನಿಲ್ಲಿಸುವ ಹಳೆಯ ವಿಧಾನ ಇಲ್ಲಿಯೂ ಉಪಯುಕ್ತ. ಇಲಿಯ ವಾಸನೆಗೆ ಕೇರೆಹಾವು ಮತ್ತು ನಾಗರಹಾವು ಬರುವ ಸಾಧ್ಯತೆ ಇರುವುದರಿಂದ ಪಂಜರವನ್ನು ಜಗಲಿ, ಕೊಟ್ಟಿಗೆ ಅಥವಾ ಕಾಫಿ ಗೋದಾಮಿನಲ್ಲಿ ಇಡಬಾರದು.

ಆಹಾರ

ಇಲಿಯು ಸರ್ವಭಕ್ಷಕ. ಪ್ರಯೋಗಾಲಯದ ಇಲಿಗಳಿಗೆಂದು ತಯಾರಿಸುವ ಸಮತೋಲಿತ ಗುಳಿಗೆ ಆಹಾರವು ದೊರೆತಲ್ಲಿ ಅದನ್ನೇ ಮುಖ್ಯ ಆಹಾರವಾಗಿಸುವುದು ಸುಲಭ. ಅದರೊಡನೆ ಬೇಯಿಸಿದ ಅನ್ನ, ರಾಗಿ, ಬೇಯಿಸಿದ ಹೆಸರುಕಾಳು, ಸೊಪ್ಪು, ಕ್ಯಾರೆಟ್, ಸೌತೆಕಾಯಿ ಮತ್ತು ಸ್ವಲ್ಪ ಹಣ್ಣನ್ನು ಕೊಡಬಹುದು. ಬೆಳೆಯುವ ಮರಿಗಳಿಗೆ ಸಸಾರಜನಕ ಹೆಚ್ಚು ಬೇಕಾಗುವುದರಿಂದ ಬೇಯಿಸಿದ ಮೊಟ್ಟೆಯ ಚಿಕ್ಕ ತುಂಡನ್ನು ವಾರಕ್ಕೆ ಎರಡು ಮೂರು ಬಾರಿ ಸೇರಿಸುವುದುಂಟು. ಶುದ್ಧ ನೀರು ಸದಾ ಲಭ್ಯವಿರಬೇಕು.

ಹಸಿ ಬೀನ್ಸ್ ಕಾಳು, ಮೊಳಕೆಯೊಡೆದ ಅಥವಾ ಹಸಿರಾದ ಆಲೂಗಡ್ಡೆ, ಚಾಕೊಲೇಟ್, ಕಾಫಿ ಬೀಜ ಮತ್ತು ಅಡಕೆ ವರ್ಜ್ಯ. ಕಿತ್ತಳೆಯಂತಹ ಹಣ್ಣುಗಳ ಸಿಪ್ಪೆಯಲ್ಲಿರುವ ಲಿಮೋನೀನ್ ಎಂಬ ವಸ್ತುವು ಗಂಡು ಇಲಿಗಳ ಮೂತ್ರಪಿಂಡಕ್ಕೆ ಹಾನಿ ಮಾಡುವುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಈ ಪರಿಣಾಮ ಹೆಣ್ಣು ಇಲಿಗಳಲ್ಲಿ ಇಲ್ಲ. ಮಳೆಗಾಲದಲ್ಲಿ ಕಡಲೆಕಾಯಿ ಮತ್ತು ಜೋಳದ ಮೇಲೆ ಬೆಳೆಯುವ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದಾದ್ದರಿಂದ ಧಾನ್ಯವನ್ನು ಬಿಗಿಮುಚ್ಚಳದ ಡಬ್ಬಿಯಲ್ಲಿ, ಸ್ವಲ್ಪ ಸ್ವಲ್ಪವೇ ತಂದು ಇಡಬೇಕು. ಇಲಿಗೆ ವಾಂತಿ ಮಾಡುವ ಶಕ್ತಿ ಇಲ್ಲ. ನುಂಗಿದ ವಿಷವನ್ನು ಅದು ಹೊರಹಾಕಲಾರದು.

ಪಳಗಿಸುವಿಕೆ

ಮನೆಗೆ ತಂದ ಮೊದಲ ಒಂದೆರಡು ದಿನ ಮರಿಗಳನ್ನು ಅವುಗಳ ಪಾಡಿಗೆ ಬಿಟ್ಟು, ಬಳಿಕ ಅಂಗೈಯಲ್ಲಿ ಆಹಾರ ಇಟ್ಟು ಅವೇ ಹತ್ತಿರ ಬರುವಂತೆ ಮಾಡಲಾಗುತ್ತದೆ. ಮರಿಯನ್ನು ಎರಡೂ ಕೈಗಳಿಂದ ಹೊಟ್ಟೆಯ ಕೆಳಗೆ ಆಸರೆ ಕೊಟ್ಟು ಎತ್ತಬೇಕು. ಬಾಲ ಹಿಡಿದು ಎತ್ತಿದರೆ ಬಾಲದ ಚರ್ಮ ಸುಲಿದುಹೋಗಬಹುದು. ನರವಿಜ್ಞಾನಿ ಜಾಕ್ ಪ್ಯಾಂಕ್ಸೆಪ್ ಅವರು, ಎಳೆಯ ಇಲಿಗಳಿಗೆ ಕಚಗುಳಿ ಇಟ್ಟಾಗ ಮನುಷ್ಯರ ಕಿವಿಗೆ ಕೇಳಿಸದ ಸುಮಾರು 50 ಕಿಲೋಹರ್ಟ್ಸ್ ಕಂಪನಾಂಕದ ಧ್ವನಿಯನ್ನು ಹೊರಡಿಸುವುದನ್ನೂ, ಆಟ ಬಯಸಿ ಕೈಯ ಬೆನ್ನು ಹತ್ತುವುದನ್ನೂ ದಾಖಲಿಸಿದ್ದಾರೆ.

ಆರೋಗ್ಯ

ಸಾಕು ಇಲಿಗಳಲ್ಲಿ ಹೆಚ್ಚು ಕಂಡುಬರುವ ಕಾಯಿಲೆಯು ಮೈಕೋಪ್ಲಾಸ್ಮಾ ಪಲ್ಮೋನಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುವ ಶ್ವಾಸಕೋಶದ ರೋಗ. ಬಹಳಷ್ಟು ಇಲಿಗಳು ಹೊರಗೆ ಲಕ್ಷಣ ತೋರದೆ ಇದನ್ನು ಹೊತ್ತಿರುತ್ತವೆ. ಅಮೋನಿಯಾ, ದೂಳು, ಹೊಗೆ ಮತ್ತು ಒತ್ತಡಗಳು ಅದನ್ನು ಉಲ್ಬಣಗೊಳಿಸುತ್ತವೆ. ಹೊಸ ಜಾಗದಲ್ಲಿ ಕೆಲವು ದಿನ ಸೀನುವುದು ಸಹಜವಾದರೂ, ಸದ್ದಿನ ಉಸಿರಾಟ, ಪಕ್ಕೆಗಳು ಎಳೆದುಕೊಳ್ಳುವಿಕೆ, ಗೂನಿದ ಬೆನ್ನು ಮತ್ತು ಆಹಾರ ಬಿಡುವುದು ತುರ್ತು ಚಿಕಿತ್ಸೆಯ ಲಕ್ಷಣಗಳು. ಕಣ್ಣು ಮತ್ತು ಮೂಗಿನ ಸುತ್ತ ಕಾಣುವ ಕೆಂಪು ಕಲೆಯು ರಕ್ತವಲ್ಲ. ಅದು ಪಾರ್ಫೈರಿನ್ ಎಂಬ ವರ್ಣದ್ರವ್ಯ. ಅದು ಹೆಚ್ಚಾದರೆ ಕಾಯಿಲೆ ಅಥವಾ ಒತ್ತಡವಿದೆ ಎಂದರ್ಥ.

ಇಲಿಯು ರೋಗವನ್ನು ಮರೆಮಾಚುವ ಪ್ರಾಣಿಯಾದ್ದರಿಂದ ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡುವುದು ಉಪಯುಕ್ತ. ಬೆಳೆಯುವ ಮರಿಯ ತೂಕ ಇಳಿಯುವುದು ಅಥವಾ ನಿಲ್ಲುವುದು ಮೊದಲ ಎಚ್ಚರಿಕೆ. ಔಷಧಿಯ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಪಶುವೈದ್ಯರೇ ನಿರ್ಧರಿಸಬೇಕು. ಈ ಭಾಗಕ್ಕೆ ಸಮೀಪದ ಪಶುವೈದ್ಯಕೀಯ ಮಹಾವಿದ್ಯಾಲಯವು ಸಕಲೇಶಪುರದಿಂದ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿದ್ದು, ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಹಳ್ಳಿಗಳ ಪಶುಚಿಕಿತ್ಸಾಲಯಗಳ ಮುಖ್ಯ ಕೆಲಸ ದನಕರುಗಳ ಆರೈಕೆಯಾದುದರಿಂದ, ಇಲಿಗೆ ಚಿಕಿತ್ಸೆ ನೀಡುವ ವೈದ್ಯರನ್ನು ಮರಿ ತರುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಕಾಡು ಇಲಿಗಳು ಮತ್ತು ಇಲಿ ಪಾಷಾಣ

ಕನ್ನಡದಲ್ಲಿ ಇಲಿಜ್ವರವೆಂದು ಕರೆಯಲಾಗುವ ಲೆಪ್ಟೊಸ್ಪೈರೋಸಿಸ್ ರೋಗದ ಬ್ಯಾಕ್ಟೀರಿಯಾವು ಸೋಂಕು ತಗುಲಿದ ಇಲಿಗಳ ಮೂತ್ರದಲ್ಲಿ ಹೊರಬಂದು ಒದ್ದೆ ನೆಲ ಮತ್ತು ನೀರಿನಲ್ಲಿ ಉಳಿಯುತ್ತದೆ. ಚರ್ಮದ ಗಾಯ ಅಥವಾ ಕಣ್ಣು, ಬಾಯಿಗಳ ಮೂಲಕ ಅದು ಮನುಷ್ಯರನ್ನು ಸೇರುತ್ತದೆ. ಕಾಡು ಇಲಿಗಳಿಂದ ದೂರವಾಗಿ ಬೆಳೆದ ಸಾಕು ಇಲಿಯಿಂದ ಈ ಅಪಾಯ ಕಡಿಮೆ. ಅಟ್ಟದ ಇಲಿಗಳು ಪಂಜರದ ಬಳಿ ಬಂದು ಅದೇ ಆಹಾರ ತಿನ್ನುವ ಸ್ಥಿತಿಯಲ್ಲಿ ಆ ಭೇದ ಉಳಿಯುವುದಿಲ್ಲ. ಉಳಿದ ಆಹಾರವನ್ನು ರಾತ್ರಿ ತೆಗೆದಿಡುವುದು, ಪಂಜರ ಶುಚಿಗೊಳಿಸಿದ ನಂತರ ಸೋಪಿನಿಂದ ಕೈ ತೊಳೆಯುವುದು, ಕಚ್ಚಿದ ಗಾಯವನ್ನು ಕೂಡಲೇ ತೊಳೆದು ವೈದ್ಯರಿಗೆ ತೋರಿಸುವುದು ಅಗತ್ಯ. ಇಲಿ ಸಾಕುವವರಿಗೆ ಜ್ವರ ಬಂದಲ್ಲಿ ಆ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಗದ್ದೆ, ತೋಟ ಮತ್ತು ಗೋದಾಮುಗಳಲ್ಲಿ ಇಲಿ ನಿಯಂತ್ರಣಕ್ಕೆ ಬಳಸುವ ವಿಷಗಳಲ್ಲಿ ಜಿಂಕ್ ಫಾಸ್ಫೈಡ್ ಮತ್ತು ಬ್ರೋಮಡಿಯೋಲೋನ್ ಮುಖ್ಯವಾದವು. ಜಿಂಕ್ ಫಾಸ್ಫೈಡ್ ಜಠರದಲ್ಲಿ ಫಾಸ್ಫೀನ್ ಅನಿಲವನ್ನು ಬಿಡುಗಡೆ ಮಾಡುತ್ತದೆ; ಇದಕ್ಕೆ ಪ್ರತಿವಿಷವಿಲ್ಲ. ಬ್ರೋಮಡಿಯೋಲೋನ್ ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಲಕ್ಷಣಗಳು ಕೆಲವು ದಿನಗಳ ನಂತರ ಕಾಣಿಸಿಕೊಳ್ಳುವುದರಿಂದ ತಿಂದ ಸಂಶಯ ಬಂದ ಕೂಡಲೇ ವಿಟಮಿನ್ ಕೆ1 ಚಿಕಿತ್ಸೆಗೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸಾಕು ಇಲಿಗಳಿರುವ ಮನೆಯೊಳಗೆ ಪಾಷಾಣದ ಬದಲು ಬೋನು ಬಳಸುವುದು ಸುರಕ್ಷಿತ ಮಾರ್ಗ.

ಅನಾಥ ಮರಿಗಳು

ಕಣ್ಣು ತೆರೆಯದ ಸಾಕು ಇಲಿಮರಿಗಳ ತಾಯಿ ಸತ್ತಲ್ಲಿ, ಹಾಲೂಡುತ್ತಿರುವ ಮತ್ತೊಂದು ತಾಯಿ ಇಲಿಯ ಗೂಡಿಗೆ ಅವನ್ನು ಸೇರಿಸುವುದು ಅತ್ಯುತ್ತಮ ಉಪಾಯ. ಕೈಯಿಂದ ಸಾಕುವಾಗ ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಹಾಲು ಕೊಡಬೇಕು. ಪ್ರತಿ ಬಾರಿಯೂ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗವನ್ನು ಸವರಿ ಮಲಮೂತ್ರ ವಿಸರ್ಜಿಸುವಂತೆ ಮಾಡಬೇಕು. ಹಸುವಿನ ಹಾಲಿನಲ್ಲಿ ಕೊಬ್ಬು ಮತ್ತು ಸಸಾರಜನಕ ಇಲಿಯ ಹಾಲಿಗಿಂತ ಬಹಳ ಕಡಿಮೆ ಇರುವುದರಿಂದ ಅದೊಂದರಿಂದಲೇ ಮರಿಗಳು ಉಳಿಯಲಾರವು.

ಕಾನೂನು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಅನುಸೂಚಿಯು ಇಲಿಗಳನ್ನು ಪೀಡಕ ಪ್ರಾಣಿಗಳ ಪಟ್ಟಿಯಲ್ಲಿ ಸೇರಿಸಿತ್ತು. 2022ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನು ಕೈಬಿಡಲಾಯಿತು. 2018ರ ನಿಯಮಗಳ ಪ್ರಕಾರ ಸಾಕುಪ್ರಾಣಿಗಳ ಅಂಗಡಿಗಳು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯು ಸಾಕು ಇಲಿಗೂ ಅನ್ವಯಿಸುತ್ತದೆ. ಬೇಡವಾದ ಸಾಕು ಇಲಿಯನ್ನು ತೋಟ ಅಥವಾ ಕಾಡಿಗೆ ಬಿಡುವುದು ಅದಕ್ಕೆ ಬಿಡುಗಡೆಯಲ್ಲ. ಆಹಾರ ಹುಡುಕುವ ಮತ್ತು ಶತ್ರುಗಳಿಂದ ತಪ್ಪಿಸಿಕೊಳ್ಳುವ ಅಭ್ಯಾಸವಿಲ್ಲದ ಅದು ಹೊರಗೆ ಹೆಚ್ಚು ದಿನ ಬದುಕುವ ಸಂಭವ ಕಡಿಮೆ. ಸಾಕಲಾಗದಿದ್ದಲ್ಲಿ ಮತ್ತೊಬ್ಬ ಸಾಕುವವರಿಗೆ ಒಪ್ಪಿಸುವುದು ಸರಿಯಾದ ಕ್ರಮ.