ಹೇಳಿದವರು ಸಿಕ್ಕರು, ಮಾಡಿಸಿದವರು ಯಾರು?

"ಫ್ಯಾಮಿಲಿಗೆ ಹೇಳಿ ಮಾಡಿಸಿದ ಏರಿಯಾ ಸರ್." ಸೈಟು ಮಾರುವವರ ಬಾಯಲ್ಲಿ ಈ ಮಾತು ಕೇಳದವರು ಯಾರಿದ್ದಾರೆ? ಸರಿ, ಹೇಳಿದವರು ಯಾರು ಅಂತ ಗೊತ್ತಾಯಿತು. ಮಾಡಿಸಿದವರು ಯಾರು? ಈ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಇತಿಹಾಸದ ಪುಟ ತಿರುವಬೇಕು. ಗಜೇಂದ್ರಗಡದಿಂದಲೇ ಶುರು ಮಾಡೋಣ.

ಗಜೇಂದ್ರಗಡ ಅಂದ ಕೂಡಲೇ ಪಠ್ಯಪುಸ್ತಕ ನೆನಪಾಗುತ್ತೆ. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದ. ಬಾದಾಮಿ ಮರಾಠರ ಪಾಲಾಯಿತು, ಯುದ್ಧ ನಿಂತಿತು. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ, ಅಲ್ಲಿಗೆ ಮುಗೀತು. ಆದರೆ ಆ ಊರನ್ನೊಮ್ಮೆ ಕಣ್ಣಾರೆ ನೋಡಿ. ಕೋಟೆ ಗುಡ್ಡದ ಮೇಲಿದೆ, ಮನೆಗಳು ಗುಡ್ಡದ ಬುಡದಲ್ಲಿವೆ. ಸೈನಿಕನಿಗೆ ಎತ್ತರ ಬೇಕು, ಶತ್ರು ದೂರದಿಂದ ಕಾಣಬೇಕು. ಸಂಸಾರಕ್ಕೆ ಬೇಕಾಗೋದೇ ಬೇರೆ. ಕುಡಿಯೋ ನೀರು ಹತ್ತಿರ ಇರಬೇಕು, ಸಂತೆ ಇರಬೇಕು, ಮಗು ರಾತ್ರಿ ಅತ್ತರೆ ಕದ ತಟ್ಟೋಕೆ ಪಕ್ಕದ ಮನೆ ಇರಬೇಕು.

ಇದು ಪಟ್ಟೇದಂಚು ಸೀರೆಯ ಊರು. ನೇಕಾರರ ಓಣಿಯಲ್ಲಿ ಮನೆ ಅಂದರೆ ಬರೀ ಮಲಗೋ ಜಾಗ ಅಲ್ಲ. ನಡುಮನೆಯಲ್ಲೇ ಕುಣಿಮಗ್ಗ. ಗಂಡ ಮಗ್ಗದ ಮುಂದೆ ಕೂತರೆ ಹೆಂಡತಿ ಕಂಡಿಕೆ ಸುತ್ತುತ್ತಾಳೆ, ಮಕ್ಕಳು ಅಲ್ಲೇ ಪಾಠ ಓದುತ್ತವೆ. ಮನೆಯೇ ಕಾರ್ಖಾನೆ. ಅಂಥ ಓಣಿಯಲ್ಲಿ ಹಗಲು ಯಾವ ಮನೆಯೂ ಖಾಲಿ ಇರಲ್ಲ. ಯಾರ ಮಗು ಎಲ್ಲಿ ಆಡ್ತಿದೆ ಅಂತ ಹತ್ತು ಜನಕ್ಕೆ ಗೊತ್ತು. ಇವತ್ತು ನಾವು ಲಕ್ಷಗಟ್ಟಲೆ ಕೊಟ್ಟು, ಗೇಟು ಹಾಕಿಸಿ, ಕ್ಯಾಮೆರಾ ಇಟ್ಟು ಕೊಂಡುಕೊಳ್ಳೋ 'ಸೇಫ್ಟಿ' ಅಲ್ಲಿ ಪುಕ್ಕಟೆ ಇತ್ತು.

ಹಾಗಂತ ಹಳೇ ಓಣಿಯೇ ಸ್ವರ್ಗ ಅನ್ನೋಕೆ ನಾನು ತಯಾರಿಲ್ಲ. ಗಜೇಂದ್ರಗಡ ಆಗ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. 1898ರಲ್ಲಿ ಅದೇ ಜಿಲ್ಲೆಯ ಹುಬ್ಬಳ್ಳಿಗೆ ಪ್ಲೇಗ್ ಬಡಿಯಿತು. ಹಾಫ್ಕಿನ್ ಲಸಿಕೆಯನ್ನು ಅಲ್ಲಿ ಸಾವಿರಾರು ಜನರಿಗೆ ಚುಚ್ಚಬೇಕಾಯಿತು. ಬೆಂಗಳೂರಿಗೂ ಪ್ಲೇಗ್ ಬಂದದ್ದು ಅದೇ ವರ್ಷ. ಗಾಳಿ ಬೆಳಕಿಲ್ಲದ ಇಕ್ಕಟ್ಟು ಗಲ್ಲಿಗಳು, ಹರಿಯದ ಚರಂಡಿ, ಇಲಿಗಳು. ಒಬ್ಬರಿಗೊಬ್ಬರು ಆಸರೆಯಾಗಿದ್ದ ಓಣಿಗಳಲ್ಲೇ ಸಾವು ಬಾಗಿಲಿಂದ ಬಾಗಿಲಿಗೆ ನಡೆಯಿತು.

ಬಸವನಗುಡಿ, ಮಲ್ಲೇಶ್ವರದ ಯೋಜನೆ ಅದಕ್ಕೂ ಮೊದಲೇ ಇತ್ತು. ಪ್ಲೇಗ್ ಅದಕ್ಕೆ ವೇಗ ಕೊಟ್ಟಿತು. ಅಗಲವಾದ ನೇರ ರಸ್ತೆ, ಅಡ್ಡರಸ್ತೆ, ಮನೆ ಹಿಂದೆ ಕಸ ಸಾಗಿಸೋಕೆ ಬೇರೆ ಓಣಿ, ಬಯಲಿಗೆ ಜಾಗ. ಇಂಜಿನಿಯರಿಂಗ್ ಓದಿದವನಾಗಿ ಹೇಳ್ತೀನಿ, ಅಲ್ಲಿ ಮೊದಲು ಬಿದ್ದದ್ದು ನಕ್ಷೆಯ ಗೆರೆ, ಆಮೇಲೆ ಮನೆಯ ಪಾಯ. ಇವತ್ತಿಗೂ ಆ ಬಡಾವಣೆಗಳಿಗೆ ಬೆಲೆ ಇದೆ ಅಂದರೆ ಕಾರಣ ಆ ಕ್ರಮ. ಆದರೆ ಅದೇ ನಕ್ಷೆಯಲ್ಲಿ ಇನ್ನೊಂದು ಗೆರೆಯೂ ಇತ್ತು. ಬಸವನಗುಡಿಯಲ್ಲಿ ನಿವೇಶನಗಳನ್ನು ಜಾತಿವಾರು ವಿಂಗಡಿಸಿದ್ದರು. ಆ ಗೆರೆ ಅಳಿಸಿತಾ? "ಫ್ಯಾಮಿಲಿಗೆ ಮಾತ್ರ" ಅನ್ನೋ ಬೋರ್ಡು ನೋಡಿ ಒಳಗೆ ಹೋದವನಿಗೆ ಮೊದಲು ಕೇಳೋ ಪ್ರಶ್ನೆ "ನಿಮ್ದು ಯಾವ ಜನ?" ಅಂತಾದರೆ, ಅಲ್ಲಿ ಫ್ಯಾಮಿಲಿ ಅನ್ನೋ ಪದದ ಅರ್ಥ ಏನು ಸ್ವಾಮಿ? ಎಲ್ಲರಿಗೂ ಹೆಂಡತಿ ಮಕ್ಕಳು ಇರಲ್ವಾ?

ನಮ್ಮ ಭಾಗದ್ದೇ ಇನ್ನೊಂದು ಕಥೆ ಕೇಳಿ. ಆಲಮಟ್ಟಿ ಹಿನ್ನೀರಿಗಾಗಿ ಬಾಗಲಕೋಟೆಯ ಜನ ತಲೆಮಾರುಗಳ ಮನೆ ಬಿಟ್ಟು ನವನಗರಕ್ಕೆ ಬಂದರು. ಆ ಹೊಸ ಊರಿನ ವಿನ್ಯಾಸದಲ್ಲಿ ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಕೈಯಿತ್ತು. ಸೆಕ್ಟರ್, ಅಗಲ ರಸ್ತೆ, ಶಾಲೆಗೆ ಜಾಗ ಎಲ್ಲ ಬಂತು. ಆದರೆ ನೀರು ನುಂಗಿದ ಓಣಿಯ ನೆರೆಹೊರೆಯನ್ನು ಯಾವ ಸೆಕ್ಟರಿಗೆ ಸ್ಥಳಾಂತರಿಸೋದು? ಮನೆಗೆ ಪರಿಹಾರ ಕಟ್ಟಬಹುದು. ಅಕ್ಕಪಕ್ಕದ ಸಂಬಂಧಕ್ಕೆ ಯಾವ ಕಚೇರಿಯಲ್ಲೂ ದರಪಟ್ಟಿ ಇಲ್ಲ.

ಈಗ ಮತ್ತೆ ಗಜೇಂದ್ರಗಡಕ್ಕೆ ಬನ್ನಿ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು. ಊರು ತಾಲ್ಲೂಕು ಕೇಂದ್ರವಾದರೆ ಕಚೇರಿ ಬರುತ್ತೆ, ನೌಕರರು ಬರುತ್ತಾರೆ, ಹೊಲಗಳಲ್ಲಿ ಕಲ್ಲು ನೆಡೋದು ಶುರುವಾಗುತ್ತೆ. ಇಂಥ ಎಲ್ಲ ಊರುಗಳಲ್ಲೂ ಅದೇ ಕಥೆ. ಮಗಳ ಮದುವೆಗೆ ಕೂಡಿಟ್ಟ ದುಡ್ಡು, ಬೆಂಗಳೂರಿನಲ್ಲಿರೋ ಮಗ ಕಳಿಸಿದ ದುಡ್ಡು, ಎಲ್ಲ ಸೇರಿಸಿ 30-40ರ ಒಂದು ಸೈಟು. ಸೈಟು ಕೈಗೆ ಬಂದ ಮೇಲೆ ಗೊತ್ತಾಗುತ್ತೆ, ಚರಂಡಿ ಬರೀ ನಕ್ಷೆಯಲ್ಲಿದೆ.

ಅದಕ್ಕೇ ಟೋಕನ್ ಹಣ ಕೊಡೋ ಮೊದಲು ಕೇಳಿ. ಜಮೀನು ಎನ್‌ಎ ಆಗಿದೆಯಾ? ಅಂದರೆ 1964ರ ಭೂಕಂದಾಯ ಕಾಯ್ದೆಯಂತೆ ಕೃಷಿಯೇತರ ಪರಿವರ್ತನೆಯ ಆದೇಶ ಇದೆಯಾ? ಬಡಾವಣೆಯ ನಕ್ಷೆಗೆ ಅನುಮೋದನೆ ಇದೆಯಾ? 500 ಚದರ ಮೀಟರಿಗಿಂತ ದೊಡ್ಡ ಯೋಜನೆಯಾದರೆ ರೇರಾ ನೋಂದಣಿ ಎಲ್ಲಿ? ಪಾರ್ಕಿನ ಜಾಗ, ರಸ್ತೆ ಪುರಸಭೆಗೆ ಹಸ್ತಾಂತರ ಆಗಿದೆಯಾ? ಉತಾರ ಯಾರ ಹೆಸರಲ್ಲಿದೆ, ಇಸಿಯಲ್ಲಿ ಸಾಲ ಇದೆಯಾ? 2025ರಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಮಾಡಿತು. ಅದು ತೆರಿಗೆ ಕಟ್ಟೋಕೆ ಲೆಕ್ಕ. ಅನಧಿಕೃತ ಬಡಾವಣೆ ಅದರಿಂದ ಅಧಿಕೃತ ಆಗಿಬಿಡಲ್ಲ.

ಕಾಗದ ಸರಿ ಇದ್ದರೂ ಒಂದು ಕೆಲಸ ಬಾಕಿ ಇರುತ್ತೆ. ಸಂಜೆ ಆರು ಗಂಟೆಗೆ ಆ ಓಣಿಗೆ ಹೋಗಿ ಸುಮ್ಮನೆ ನಿಲ್ಲಿ. ಹೆಣ್ಣುಮಕ್ಕಳು ನಿರಾತಂಕವಾಗಿ ಓಡಾಡ್ತಿದ್ದಾರಾ? ಕಟ್ಟೆ ಮೇಲೆ ವಯಸ್ಸಾದವರು ಕೂತಿದ್ದಾರಾ? ನಿಮ್ಮ ಜಾತಿ ಕೇಳದೇ ಯಾರಾದರೂ "ಬರ್ರಿ, ಯಾರ್ ಬೇಕಾಗಿತ್ತು?" ಅಂದರಾ?

ಅಂದರೆ, ಆ ಓಣಿಯನ್ನು ಫ್ಯಾಮಿಲಿಗೆ ಮಾಡಿಸಿದವರು ಅವರೇ. ಅಲ್ಲಿ ಮನೆ ಕೊಂಡ ಮೇಲೆ ಆ ಕೆಲಸ ನಿಮ್ಮದೂ ಹೌದು.