ಕೋಳಿಯ ಗಾಯ, ಹಿತ್ತಲ ಅರಿಶಿನ



ಇತಿಹಾಸವೆಂದರೆ ಅರಸರ ಯುದ್ಧ, ಸಂಧಾನ ಮತ್ತು ಇಸವಿಗಳಷ್ಟೇ ಎಂಬ ಭಾವನೆಯನ್ನು ನಮ್ಮ ಪಠ್ಯಪುಸ್ತಕಗಳು ಬೆಳೆಸಿವೆ. ಆದರೆ ಅಂಗಳದಲ್ಲಿ ಮಣ್ಣು ಕೆದರುವ ಕೋಳಿಗೂ, ಅದರ ಮೈಮೇಲಿನ ಗಾಯಕ್ಕೂ, ಆ ಗಾಯಕ್ಕೆ ಹಚ್ಚುವ ಅರಿಶಿನಕ್ಕೂ ಇತಿಹಾಸವುಂಟು. ಈ ಬಾರಿ ಅದನ್ನೇ ಬರೆಯಲು ಹೊರಟಿದ್ದೇನೆ.

ದಾಂಡೇಲಿ, ಜೋಯಿಡಾ ಭಾಗದ ಕಾಡಿನಲ್ಲಿ ನಸುಕಿಗೆ ಕೂಗುವ ಬೂದು ಕಾಡುಕೋಳಿಯ ದನಿಯನ್ನು ನಿಮ್ಮಲ್ಲಿ ಅನೇಕರು ಕೇಳಿರುತ್ತೀರಿ. ಸಾಕುಕೋಳಿಯ ಮುಖ್ಯ ಪೂರ್ವಜ ಆಗ್ನೇಯ ಏಷ್ಯಾದ ಕೆಂಪು ಕಾಡುಕೋಳಿ. ಆದರೆ ಅನೇಕ ತಳಿಗಳ ಹಳದಿ ಚರ್ಮಕ್ಕೆ, ಹಳದಿ ಕಾಲಿಗೆ ಕಾರಣವಾದ ವಂಶವಾಹಿ ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದಲೇ ಬಂದದ್ದೆಂದು 2008ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಾಗಿ ನಮ್ಮ ಜವಾರಿ ಕೋಳಿಯನ್ನು ಸಹ್ಯಾದ್ರಿಯ ನೆಂಟನೆನ್ನಲು ಅಡ್ಡಿಯಿಲ್ಲ.

ಕೋಳಿಗಳು ಒಂದನ್ನೊಂದು ಏಕೆ ಕುಕ್ಕುತ್ತವೆ? ಈ ಪ್ರಶ್ನೆಯನ್ನು ಬಾಲ್ಯದಲ್ಲಿಯೇ ಬೆನ್ನಟ್ಟಿದವನು ನಾರ್ವೆ ದೇಶದ ಥೊರ್ಲೀಫ್ ಶೆಲ್ಡೆರುಪ್-ಎಬ್ಬೆ. ಯಾವ ಕೋಳಿ ಯಾವುದನ್ನು ಕುಕ್ಕುತ್ತದೆ, ಯಾವುದು ತಲೆತಗ್ಗಿಸಿ ಸರಿಯುತ್ತದೆ ಎಂಬುದನ್ನು ಆ ಹುಡುಗ ವರ್ಷಗಟ್ಟಲೆ ಬರೆದಿಟ್ಟನು. 1921ರ ತನ್ನ ಮಹಾಪ್ರಬಂಧದಲ್ಲಿ ಮತ್ತು ಮರುವರ್ಷ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದಕ್ಕೆ 'ಕುಕ್ಕುವ ಶ್ರೇಣಿ' ಎಂಬ ಅರ್ಥದ ಹೆಸರನ್ನು ಬಳಕೆಗೆ ತಂದನು. ಗುಂಪಿನಲ್ಲಿ ಪ್ರತಿಯೊಂದಕ್ಕೂ ಒಂದು ಸ್ಥಾನ. ಎಲ್ಲಕ್ಕಿಂತ ಕೆಳಗಿನದನ್ನು ಎಲ್ಲವೂ ಕುಕ್ಕುತ್ತವೆ. ತರಗತಿಯ ಕೊನೆಯ ಬೆಂಚನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬಯಲಿನಲ್ಲಿ ಮೇಯುವ ಕೋಳಿಗೆ ಓಡಿ ತಪ್ಪಿಸಿಕೊಳ್ಳಲು ಜಾಗವಿರುತ್ತದೆ; ಇಕ್ಕಟ್ಟಾದ ಗೂಡಿನಲ್ಲಿ ಇರುವುದಿಲ್ಲ. ಒಮ್ಮೆ ರಕ್ತ ಕಾಣಿಸಿತೆಂದರೆ ಉಳಿದವು ಆ ಕೆಂಪಿಗೇ ಮುತ್ತುತ್ತವೆ. ಕೋಳಿಸಾಕಣೆ ಉದ್ಯಮವಾದ ದೇಶಗಳಲ್ಲಿ ಇದು ದೊಡ್ಡ ಸಮಸ್ಯೆಯಾಯಿತು. ಅಮೆರಿಕದ ಟೆನೆಸೀ ರಾಜ್ಯದ ಆಂಡ್ರ್ಯೂ ಜಾಕ್ಸನ್ ಎಂಬಾತ 1903ರಲ್ಲಿ ಕೋಳಿಗಳ ಕಣ್ಣು ಕಾಯುವ ಪುಟ್ಟ ಕನ್ನಡಕಕ್ಕೆ ಪೇಟೆಂಟ್ ಪಡೆದನು! ರಕ್ತ ಕಾಣದಿರಲೆಂದು ಮುಂದೆ ಕೆಂಪು ಛಾಯೆಯ ಕನ್ನಡಕಗಳೂ ಬಂದವು. 1930ರ ದಶಕದಲ್ಲಿ ಕೊಕ್ಕಿನ ತುದಿಯನ್ನೇ ಕತ್ತರಿಸುವ ಪದ್ಧತಿ ಅಲ್ಲಿ ಆರಂಭವಾಯಿತು. ಗಾಯದ ಮೂಲವಾದ ಇಕ್ಕಟ್ಟನ್ನು ಬಿಟ್ಟು ಕೊಕ್ಕಿಗೆ ಶಿಕ್ಷೆ ಕೊಟ್ಟಂತಾಯಿತು.

ನಮ್ಮ ಹಳಿಯಾಳ, ಮುಂಡಗೋಡ, ಜೋಯಿಡಾ ತಾಲ್ಲೂಕುಗಳ ಹಳ್ಳಿಗಳಲ್ಲಿ ನಾಲ್ಕಾರು ಕೋಳಿಗಳೆಂದರೆ ಬಡ ಕುಟುಂಬದ ಉಳಿತಾಯದ ಗಂಟು. ಮಗುವಿಗೆ ಜ್ವರ ಬಂದಾಗ, ಶಾಲೆಯ ಪುಸ್ತಕ ಕೊಳ್ಳಬೇಕಾದಾಗ ಹುಂಜವೊಂದು ಸಂತೆಗೆ ಹೋಗುತ್ತದೆ. ಪಶುವೈದ್ಯರು ಮೈಲಿಗಟ್ಟಲೆ ದೂರವಿರುವ ಕಾಡಂಚಿನ ಮನೆಗಳಲ್ಲಿ ಆ ಗಂಟನ್ನು ಕಾಯುವವರು ಹೆಂಗಸರು. ಅವರು ಮಾಡುವ ಉಪಚಾರ ಸರಳ. ಗಾಯಗೊಂಡದ್ದನ್ನು ಮೊದಲು ಬೇರೆ ಬುಟ್ಟಿಯಡಿ ಮುಚ್ಚುವುದು. ಕಾಯಿಸಿ ಆರಿಸಿದ ಉಪ್ಪುನೀರಿನಿಂದ ಗಾಯ ತೊಳೆಯುವುದು. ಅಂಟಿದ ಗರಿಗಳನ್ನು ಬಿಡಿಸುವುದು. ರಕ್ತ ಒಸರುತ್ತಿದ್ದರೆ ಶುಭ್ರವಾದ ಬಟ್ಟೆಯಿಂದ ಒತ್ತಿ ಹಿಡಿಯುವುದು. ಬಳಿಕ ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವುದು. ನೊಣ ಕೂರದಂತೆ ಕಾಯುವುದು. ಅರಿಶಿನ ಗಾಯ ಕೊಳೆಯುವುದನ್ನು ತಡೆಯುವುದಷ್ಟೇ ಅಲ್ಲ, ಕೆಂಪನ್ನೂ ಮರೆಮಾಡುತ್ತದೆ. ಪೂರ್ತಿ ಮಾಯುವ ಮೊದಲೇ ಗುಂಪಿಗೆ ಬಿಟ್ಟರೆ ಕಥೆ ಮತ್ತೆ ಮೊದಲಿಗೆ ಬರುತ್ತದೆ. ಗಾಯ ಆಳವಾಗಿದ್ದರೆ, ಹುಳು ಬಿದ್ದಿದ್ದರೆ ಮಾತ್ರ ಎಷ್ಟು ದೂರವಾದರೂ ವೈದ್ಯರಲ್ಲಿಗೆ ಒಯ್ಯಬೇಕು.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆ ಎಲ್ಲರಿಗೂ ಗೊತ್ತು. ನಾವು ಹಾಗೆ ಕಡೆಗಣಿಸಿದ್ದಕ್ಕೆ 1995ರಲ್ಲಿ ಅಮೆರಿಕದಿಂದ ಉತ್ತರ ಬಂತು. ಗಾಯ ಮಾಯಿಸಲು ಅರಿಶಿನದ ಬಳಕೆ ಎಂಬುದಕ್ಕೆ ಆ ವರ್ಷದ ಮಾರ್ಚ್‌ನಲ್ಲಿ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು. ನಮ್ಮ ಸಿಎಸ್‌ಐಆರ್ ಸಂಸ್ಥೆ ಆರ್. ಎ. ಮಾಶೇಲ್ಕರ್ ಅವರ ನೇತೃತ್ವದಲ್ಲಿ 1996ರಲ್ಲಿ ಅದನ್ನು ಪ್ರಶ್ನಿಸಿತು. ಆದರೆ ಆಗಿನ ಅಮೆರಿಕದ ಕಾನೂನಿನಂತೆ ಪರದೇಶದ ರೂಢಿ ಸಾಕ್ಷಿಯಾಗುತ್ತಿರಲಿಲ್ಲ. ಬರಹದ ದಾಖಲೆಯೇ ಬೇಕಿತ್ತು. ಕೋಟ್ಯಂತರ ತಾಯಂದಿರ ಕೈ ಹಳದಿಯಾಗಿದ್ದರೂ ಅದು ಲೆಕ್ಕಕ್ಕಿರಲಿಲ್ಲ! ಸಂಸ್ಕೃತ, ಹಿಂದಿ, ಉರ್ದು ಗ್ರಂಥಗಳನ್ನೂ 1953ರ ಭಾರತೀಯ ವೈದ್ಯಕೀಯ ಪತ್ರಿಕೆಯೊಂದರ ಲೇಖನವನ್ನೂ ಒಳಗೊಂಡು 32 ದಾಖಲೆಗಳನ್ನು ಮುಂದಿಡಲಾಯಿತು. 1997ರಲ್ಲಿ ಆ ಹಕ್ಕು ತಿರಸ್ಕೃತವಾಯಿತು. ಇಂಥ ಜ್ಞಾನವನ್ನು ದಾಖಲಿಸುವ ಸರಕಾರದ ಡಿಜಿಟಲ್ ಭಂಡಾರದ ಕೆಲಸ 2001ರಲ್ಲಿ ಆರಂಭವಾಯಿತು.

ಆಯುರ್ವೇದಕ್ಕೆ ಗ್ರಂಥಗಳಿದ್ದವು, ಗೆದ್ದೆವು. ಆದರೆ ಜೋಯಿಡಾದ ಕುಣಬಿ ಅಜ್ಜಿಯ, ಹಳಿಯಾಳದ ಸಿದ್ದಿ ತಾಯಿಯ ಅರಿವಿಗೆ ಗ್ರಂಥವೆಲ್ಲಿದೆ? ಯಾವ ಎಲೆ, ಯಾವ ಬೇರು, ಎಷ್ಟು ದಿನ ಎಂಬುದೆಲ್ಲ ಬಾಯಿಂದ ಬಾಯಿಗೆ ಬಂದದ್ದು. ಕೇಳುವ ಮೊಮ್ಮಕ್ಕಳು ಈಗ ಪಟ್ಟಣ ಸೇರಿದ್ದಾರೆ. ಅವರು ಹೇಳುವುದೆಲ್ಲವೂ ಸರಿಯಿರಲಿಕ್ಕಿಲ್ಲ. ಆದರೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲಿಕ್ಕಾದರೂ ಅದು ಮೊದಲು ಉಳಿಯಬೇಕಲ್ಲವೇ?

ಆದುದರಿಂದ ಒಂದು ವಿನಂತಿ. ಹಬ್ಬಕ್ಕೆ ಊರಿಗೆ ಹೋದಾಗ ಅಜ್ಜಿಯ ಹತ್ತಿರ ಅರ್ಧ ಗಂಟೆ ಕುಳಿತು, ಕೋಳಿಗೆ, ಕರುವಿಗೆ, ಕೂಸಿಗೆ ಅವರು ಏನು ಹಚ್ಚುತ್ತಿದ್ದರೆಂದು ಕೇಳಿರಿ. ಹೇಳಿದವರ ಹೆಸರು, ಊರು, ದಿನಾಂಕ ಸಹಿತ ಬರೆದಿಡಿರಿ. ಪರೀಕ್ಷೆಗೆ ಬರುವುದಿಲ್ಲವೆಂದು ಬಿಡಬೇಡಿರಿ.